ಅಕ್ಕನ ಧಾರಾವಾಹಿಗೆ ಲಾಂಡ್ರಿಯ ತೀರ್ಪು

ಲಾಂಡ್ರಿಯ ಊಟದ ಕೋಣೆಯಿಂದ,
ಗುರುವಾರ, ಮಧ್ಯಾಹ್ನದ ಬಿಡುವು

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಕುತ್ತಿಗೆ ನೋವು ಇಳಿಯಿತೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಇಲ್ಲ ಇನ್ನೂ ಕಾಫಿ ಬ್ರೆಡ್ಡಿನಲ್ಲೇ ದಿನ ದೂಡುತ್ತಿದ್ದೀಯೋ? ಒಬ್ಬಳ ಕೈಯಲ್ಲಿ ಮೂವರ ಬರವಣಿಗೆ ಮಾಡಿಸಿಕೊಳ್ಳುವ ಧಾರಾವಾಹಿ ಕಂಪನಿಗೆ ನಿನ್ನ ಕುತ್ತಿಗೆಯ ಚಿಂತೆ ಇರುವುದಿಲ್ಲ, ನಿನಗಾದರೂ ಇರಲಿ. ನಾವಿಬ್ಬರೂ ಚೆನ್ನಾಗಿದ್ದೇವೆ. ಅಮ್ಮನ ಮಂಡಿ ಮೊದಲಿನಷ್ಟೇ ನೋಯುತ್ತದೆ, ಬಾಯಿ ಮೊದಲಿನಷ್ಟೇ ಓಡುತ್ತದೆ. ಸೋಮವಾರದಿಂದ ನೀನು ಫೋನ್ ಎತ್ತುತ್ತಿಲ್ಲ, ಯಾಕೆಂದು ಗೊತ್ತು. ಅದಕ್ಕೇ ಪತ್ರ ಬರೆಯುತ್ತಿದ್ದೇನೆ. ಪತ್ರವನ್ನು ನಡುವೆ ಕಟ್ ಮಾಡಲು ಬರುವುದಿಲ್ಲ ನೋಡು.

ಸೋಮವಾರದ ಸಂಚಿಕೆ ಅಮ್ಮನ ಕಣ್ಣಿಗೆ ಬೀಳದ ಹಾಗೆ ನೋಡಿಕೋ, ಅದು ಅವಳ ಕಥೆ, ಅವಳನ್ನು ಕೇಳದೆ ಬರೆದುಬಿಟ್ಟಿದ್ದೇನೆ ಎಂದು ನೀನು ಹೋದ ವಾರ ಪತ್ರ ಬರೆದಿದ್ದೆಯಲ್ಲ, ಅದನ್ನು ನಾನು ಹಬೆ ಇಸ್ತ್ರಿಯ ಮುಂದೆ ನಿಂತು ಓದಿದೆ. ಒಂದು ದಿಂಬಿನ ಗವಸು ಸುಟ್ಟುಹೋಯಿತು. ಹಳೆಯ ಹೋಟೆಲಿನ ಲಾಂಡ್ರಿಯಲ್ಲಿದ್ದಾಗ ಯಾರೋ ಅತಿಥಿಯ ಕೈಗಡಿಯಾರ ಕಾಣದೆ ಅಮ್ಮನನ್ನು ಠಾಣೆಗೆ ಕರೆದುಕೊಂಡು ಹೋದದ್ದು, ಅದು ಆತನ ಕೋಟಿನ ಒಳಪದರದಲ್ಲೇ ಸಿಕ್ಕಿದ್ದು, ಆಮೇಲೂ ಒಬ್ಬರೂ ತಪ್ಪಾಯಿತು ಎನ್ನದೆ ಇದ್ದದ್ದು, ಇದ್ಯಾವುದೂ ನನಗೆ ಗೊತ್ತಿರಲಿಲ್ಲ. ನಿನ್ನೊಬ್ಬಳಿಗೇ ಹೇಳಿದ್ದಳಂತೆ. ಇಲ್ಲಿ ಜೊತೆಗೆ ದುಡಿಯುವ ಹೆಂಗಸರಿಗೂ ಅವಳು ಬಾಯಿ ಬಿಟ್ಟಿರಲಿಲ್ಲ. ಸತ್ಯವನ್ನು ಮುಚ್ಚಿಡುವುದು ಮಾಲೀಕರ ಅಭ್ಯಾಸ, ದುಡಿಯುವವರದ್ದಲ್ಲ ಎಂದು ನಾನು ಓದಿದ ಕಾರ್ಮಿಕ ಸಂಘದ ಒಂದೊಂದು ಕಿರುಹೊತ್ತಿಗೆಯೂ ಹೇಳುತ್ತದೆ. ಆದರೂ ನಿನ್ನ ಮಾತಿಗೆ ಕಟ್ಟುಬಿದ್ದು, ಸೋಮವಾರ ಸಂಜೆ ಚಪ್ಪಲಿ ಕೊಳ್ಳೋಣ ಬಾ ಎಂದು ಅಮ್ಮನನ್ನು ಎಳೆದೆ. "ಚಪ್ಪಲಿ ನಾಳೆನೂ ಅಂಗಡೀಲೇ ಇರುತ್ತೆ, ನನ್ನ ಮಗಳು ಬರೆದಿದ್ದು ಇವತ್ತು ಬಿಟ್ರೆ ಸಿಗಲ್ಲ" ಎಂದು ಕೈ ಕೊಡವಿಕೊಂಡಳು. ಜಾಹೀರಾತಿನಲ್ಲಿ ಲಾಂಡ್ರಿ ತೋರಿಸಿದ್ದರಲ್ಲ, ಪಾಳಿ ಮುಗಿದರೂ ಒಬ್ಬರೂ ಮನೆಗೆ ಹೋಗಿರಲಿಲ್ಲ. ಊಟದ ಕೋಣೆಯ ಟಿವಿ ಮುಂದೆ ಬಟ್ಟೆಗಂಟುಗಳನ್ನೇ ಸೋಫಾ ಮಾಡಿಕೊಂಡು ಕೂತಿದ್ದರು.

ಮೊದಲ ಹತ್ತು ನಿಮಿಷ ನಿನ್ನ ಕೈಯ ಕೆಲಸ ಎಂದು ಕಣ್ಣಿಗೆ ಹೊಡೆಯುವಂತಿತ್ತು. ಒಂದು ಮಾತೂ ಹೆಚ್ಚಿಲ್ಲ. ಆದರೆ ಲಾಂಡ್ರಿಯವಳ ಪಾತ್ರ ಮಾಡಿದ ಆ ನಟಿ ಇದ್ದಾಳಲ್ಲ, ಡಬಲ್ ಬೆಡ್‌ಶೀಟನ್ನು ಒಬ್ಬಳೇ ಮಡಿಸಿದಳು! ಗಲ್ಲಕ್ಕೆ ಒತ್ತಿಕೊಂಡು, ಕೈ ಅಗಲಿಸಿಕೊಂಡು. ನಮ್ಮಲ್ಲಿ ಅದನ್ನು ಇಬ್ಬರು ಹಿಡಿಯದೆ ಯಾರೂ ಮಡಿಸುವುದಿಲ್ಲ, ನೆಲಕ್ಕೆ ತಾಗಿದರೆ ಮತ್ತೆ ಒಗೆಯಬೇಕು. ಕೋಣೆಗೆ ಕೋಣೆಯೇ ಎದ್ದು ಕೂತಿತು. ವಾಷಿಂಗ್ ಮಷಿನ್ ನೋಡಿಕೊಳ್ಳುವ ನೊರೆಯಮ್ಮ, ನಿನಗೆ ನೆನಪಿರಬೇಕು, ದೊಡ್ಡ ಗಂಟಲು, "ಅಯ್ಯೋ, ಇವಳು ಲಾಂಡ್ರಿಯವಳೇ ಅಲ್ಲ ಕಣ್ರೇ! ವೇಷ ಹಾಕ್ಕೊಂಡು ನುಗ್ಗಿದ್ದಾಳೆ, ಕಳ್ಳಿ!" ಎಂದು ಕೂಗಿದಳು. ಎಲ್ಲರೂ ಹೌದು ಹೌದು ಎಂದರು. ಎಲ್ಲರಿಗಿಂತ ಗಟ್ಟಿಯಾಗಿ ಹೌದು ಎಂದವಳು ಅಮ್ಮ. "ಮುಖ ನೋಡಿದ್ರೇ ಗೊತ್ತಾಗಲ್ವಾ? ಮೊದ್ಲು ಅವಳ ಚೀಲ ಹುಡುಕಿ" ಎಂದು, ತೆರೆಯ ಮೇಲೆ ಕಳ್ಳತನದ ತನಿಖೆಗೆ ಬಂದ ಇನ್‌ಸ್ಪೆಕ್ಟರಿಗೆ ಕೂತಲ್ಲಿಂದಲೇ ಅಪ್ಪಣೆ ಕೊಟ್ಟಳು. ನನಗೆ ಮೈ ಉರಿದುಹೋಯಿತು. ಆರೋಪ ಹೊತ್ತ ಕಾರ್ಮಿಕ ಮಹಿಳೆಯ ಪರ ಒಂದು ದನಿಯೂ ಇಲ್ಲ, ಅದೂ ಕಾರ್ಮಿಕರದೇ ಕೋಣೆಯಲ್ಲಿ! ಎದ್ದು ನಿಂತು ಎರಡು ಮಾತು ಹೇಳಲು ಹೋದೆ. "ನಿನ್ನ ಭಾಷಣ ಜಾಹೀರಾತು ಬಂದಾಗ ಮಾಡು, ಕೂತ್ಕೋ" ಎಂದರು. ಕೂತೆ.

ಆಮೇಲೆ ಠಾಣೆಯ ದೃಶ್ಯ. ಪೇದೆ ಅವಳ ಅಂಗೈ ಹಿಡಿದು ಮೂಸಿ, "ಒಳ್ಳೇ ಸೋಪು ಕಣ್ರೋ, ಗುರುತು ಸಿಗದ ಹಾಗೆ ತೊಳ್ಕೊಂಡು ಬಂದಿದ್ದಾಳೆ" ಎಂದು ಗೆಳೆಯರ ಕಡೆ ತಿರುಗಿ ನಗುತ್ತಾನಲ್ಲ, ಅಲ್ಲಿ ನನಗೆ ಅಮ್ಮನ ಕಡೆ ನೋಡುವ ಧೈರ್ಯ ಬರಲಿಲ್ಲ. ನಟಿ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುವುದಿಲ್ಲ. ಬೆಡ್‌ಶೀಟ್ ಮಡಿಸಲು ಬರದಿದ್ದರೂ ಆ ಒಂದು ಗಳಿಗೆಗಾಗಿ ಅವಳನ್ನು ಮನ್ನಿಸಿದೆ. ಆಗ ಅಮ್ಮ ಸಾದಾ ದನಿಯಲ್ಲಿ, ಉಪ್ಪು ಕಡಿಮೆಯಾಗಿದೆ ಎನ್ನುವಷ್ಟು ಸಾದಾ ದನಿಯಲ್ಲಿ, "ಅವನು ಎರಡು ಸಲ ಮೂಸಿದ್ದ" ಎಂದಳು.

"ಯಾರೇ?" ಎಂದಳು ನೊರೆಯಮ್ಮ.

"ಆ ಪೇದೆ. ನನ್ನ ಕೈನ. ಹಳೇ ಹೋಟೆಲಲ್ಲಿದ್ದಾಗ." ಎಲ್ಲರೂ ತನ್ನತ್ತ ತಿರುಗಿದ್ದು ನೋಡಿ ಅಮ್ಮನಿಗೇ ಗಾಬರಿಯಾಯಿತು. "ನನ್ನೇನು ನೋಡ್ತೀರಾ? ಅಲ್ಲಿ ನೋಡ್ರೇ. ಬಿಟ್ಟುಬಿಡ್ತಾರೆ ಅವಳನ್ನ. ಗಡಿಯಾರ ಆ ಅತಿಥಿ ಕೋಟಲ್ಲೇ ಇದೆ" ಎಂದು, ನೀನು ಅರ್ಧ ಗಂಟೆ ಕಾಪಾಡಿಕೊಂಡು ಬಂದ ಗುಟ್ಟನ್ನು ಒಂದೇ ಏಟಿಗೆ ಒಡೆದುಹಾಕಿದಳು. ಮರುಕ್ಷಣ ಹಣೆಗೆ ಕೈ ಬಡಿದುಕೊಂಡು, "ನೋಡೇ, ನನ್ನನ್ನೇ ನಾನು ಕಳ್ಳಿ ಅಂದ್ಬಿಟ್ಟೆನಲ್ಲ!" ಎಂದು ನಗಲು ಶುರುಮಾಡಿದಳು. ಅವಳ ನಗು ನಿನಗೆ ಗೊತ್ತಲ್ಲ, ಅಂಟುರೋಗ. ಗುಂಡಿ ಹೊಲಿಯುವ ಚಿಕ್ಕಮ್ಮ ಮಾತ್ರ ಅಳುತ್ತಿದ್ದಳು. ನೊರೆಯಮ್ಮ ಕೆಂಪಾಗಿ ಹೋಗಿ, ಅಲ್ಲಿಂದ ಮುಂದೆ ಆ ಪೇದೆ ತೆರೆಯ ಮೇಲೆ ಬಂದಾಗಲೆಲ್ಲ ಬೈದಳು ನೋಡು, ಆ ಬೈಗುಳಗಳನ್ನು ಪತ್ರದಲ್ಲಿ ಬರೆಯಲಾರೆ, ನಿನ್ನ ಮುಂದಿನ ಸಂಚಿಕೆಗೆ ಬೇಕಿದ್ದರೆ ಬಾಯಲ್ಲಿ ಹೇಳುತ್ತೇನೆ.

ಉಳಿದದ್ದನ್ನೂ ನೇರವಾಗಿ ಹೇಳಿಬಿಡುತ್ತೇನೆ, ನೊಂದುಕೊಳ್ಳಬೇಡ. ನಡುವಿನ ಕಾಲು ಗಂಟೆ ನೀರು ಸೇರಿಸಿದ ಹಾಲು. ಇನ್‌ಸ್ಪೆಕ್ಟರನ ಪ್ರೇಯಸಿ ಯಾಕೆ ಬಂದಳು, ಯಾಕೆ ಮುನಿಸಿಕೊಂಡು ಹೋದಳು ಎಂದು ಗುಂಡಿ ಚಿಕ್ಕಮ್ಮ ಇವತ್ತಿಗೂ ಕೇಳುತ್ತಿದ್ದಾಳೆ. ಕಾರುಗಳ ಬೆನ್ನಟ್ಟುವಿಕೆ ನಮ್ಮ ವ್ಯಾನ್ ಡ್ರೈವರಿಗೆ ಒಬ್ಬನಿಗೇ ಹಿಡಿಸಿತು, ಆತನಿಗೂ ಕಾರು ಹಿಡಿಸಿದ್ದು, ಕಥೆಯಲ್ಲ. ಇನ್ನು ಕೊನೆಗೆ ಇನ್‌ಸ್ಪೆಕ್ಟರ್ ಹೂಗುಚ್ಛ ಹಿಡಿದು ಕ್ಷಮೆ ಕೇಳುವುದಿದೆಯಲ್ಲ, ಅದು ಶುದ್ಧ ಸುಳ್ಳು! ಅಧಿಕಾರ ತಾನಾಗಿ ತಲೆ ಬಾಗಿಸುತ್ತದೆ ಎಂದು ಜನರನ್ನು ನಂಬಿಸುವುದು ಅವರಿಗೆ ನಿದ್ದೆ ಮಾತ್ರೆ ಕೊಟ್ಟ ಹಾಗೆ. ಹಾಗೆಂದು ನಾನು ಹಾರಾಡುತ್ತಿದ್ದರೆ ಅಮ್ಮ, "ಹೂವೆಲ್ಲ ಸುಳ್ಳೇ. ಆದ್ರೆ ಅವಳು ತಗೊಳ್ಲಿಲ್ಲ ನೋಡು, ಹಂಗೇ ಬಾಗಿಲು ಹಾಕ್ಕೊಂಡ್ಳು. ಅದು ಸರಿ" ಎಂದಳು. ಆ ಬಾಗಿಲು ನಿನ್ನದು, ಹೂಗುಚ್ಛ ಚಾನೆಲ್‌ನವರದು ಎಂದು ನಾನು ಊಹಿಸಿದ್ದೇನೆ. ಹೌದು ತಾನೇ? ಇಲ್ಲವೆಂದರೆ ನಮ್ಮಿಬ್ಬರಿಗೂ ದೊಡ್ಡ ಜಗಳ ಕಾದಿದೆ.

ಮರುದಿನ ನಾನು ಅಮ್ಮನ ಬೆನ್ನು ಬಿಡಲಿಲ್ಲ. ಈ ಹೆಂಗಸರು ಅಮ್ಮನನ್ನು ಹೇಗೆ ನೋಡುತ್ತಾರೋ, ಕನಿಕರ ತೋರಿಸಿ ಕೊಲ್ಲುತ್ತಾರೋ ಎಂದು. ಹಾಗೇನೂ ಆಗಲಿಲ್ಲ. ನೊರೆಯಮ್ಮ ಎಂದಿನಂತೆ ಗಂಟು ಎಸೆದಳು, ಅಮ್ಮ ಎಂದಿನಂತೆ ಬೈದಳು. ಅಷ್ಟು ವರ್ಷ ಒಬ್ಬಳೇ ಹೊತ್ತಿದ್ದನ್ನು ಕೆಳಗಿಳಿಸಿದವಳ ಹಾಗೆ ರಾತ್ರಿ ಗೊರಕೆ ಹೊಡೆಯುತ್ತಿದ್ದಾಳೆ. ಆದರೆ ನಿನ್ನ ಬಗ್ಗೆ ಒಂದು ಮಾತೂ ಆಡಿಲ್ಲ, ಒಳ್ಳೆಯದೂ ಇಲ್ಲ, ಕೆಟ್ಟದ್ದೂ ಇಲ್ಲ. ಅದನ್ನು ನಿನ್ನಿಂದ ಮುಚ್ಚಿಡಲಾರೆ. ಕೇಳಿದರೆ ದಿಂಬಿನ ಗವಸು ಎಣಿಸು ಹೋಗು ಎನ್ನುತ್ತಾಳೆ.

ಗಂಟೆ ಹೊಡೆಯಿತು, ಇಸ್ತ್ರಿ ಕಾಯುತ್ತಿದೆ. ಕುತ್ತಿಗೆ ಬಗ್ಗಿಸಿ ಬರೆ, ಯಾರ ಮುಂದೆಯೂ ಬಗ್ಗಿಸಬೇಡ. ನೊರೆಯಮ್ಮ, ಚಿಕ್ಕಮ್ಮ ಎಲ್ಲರೂ ನಿನ್ನನ್ನು ಕೇಳಿದ್ದಾರೆ.

ಮುಷ್ಟಿ ಬಿಗಿಹಿಡಿದ ಪ್ರೀತಿಯೊಂದಿಗೆ,
ನಿನ್ನ ತಂಗಿ

ತಾ.ಕ.: ಅಕ್ಕಾ, ಲಕೋಟೆ ಅಂಟಿಸುವಷ್ಟರಲ್ಲಿ ಅಮ್ಮ ಕಿತ್ತುಕೊಂಡು ಪೂರ್ತಿ ಓದಿದಳು. "ನನ್ನ ಕೇಳ್ದೆ ಬರೆದಿದ್ದು ತಪ್ಪು, ಅದನ್ನ ಮೊದ್ಲು ಬರಿ" ಎಂದಳು. ಬರೆದೆ. ಆಮೇಲೆ, "ಅವಳಿಗೆ ಗೊತ್ತಿರೋದು ಅರ್ಧ. ಬರೆಯೋದೇ ಆದ್ರೆ ಪೂರ್ತಿ ಕೇಳಿ ಬರೀಲಿ. ಮುಂದಿನ ಭಾನುವಾರ ಬರ್ತೀನಿ ಅಂತ ಹೇಳು" ಎಂದಳು. ಉಳಿದರ್ಧ ಏನು ಎಂದರೆ ನನಗೂ ಹೇಳುತ್ತಿಲ್ಲ, ದೊಡ್ಡವಳಿಗೇ ಮೊದಲಂತೆ. ಹತ್ತು ಗಂಟೆಯ ಬಸ್ಸು. ನಿಲ್ದಾಣಕ್ಕೆ ನೀನೇ ಹೋಗು, ಬೇರೆ ಯಾರನ್ನೂ ಕಳಿಸಬೇಡ.