ಬಾಯಿ ತೆರೆದ ಕೌದಿ

ಅತ್ತೀ,

ನಿನ್ನನ್ನು ಹೀಗೆ ಕರೆದು ವರ್ಷದ ಮೇಲಾಯಿತು. ಅಪ್ಪನ ಅಕ್ಕ ಅಂತ ಹುಟ್ಟಿದಾಗಿನಿಂದಲೂ ಅತ್ತಿ, ಆಮೇಲೆ ನಿನ್ನ ಮಗನನ್ನು ಕಟ್ಟಿಕೊಂಡ ಮೇಲೆ ಮತ್ತೊಮ್ಮೆ ಅತ್ತಿ. ಯಾವ ಕಡೆಯಿಂದಲೂ ನಿನ್ನ ಕೈಯಿಂದ ತಪ್ಪಿಸಿಕೊಳ್ಳುವ ದಾರಿ ನನಗಿರಲಿಲ್ಲ ನೋಡು. ಮನೋಳಿಯ ಮನೆಯ ಪಡಸಾಲೆಯಲ್ಲಿ ಕುಳಿತು ಬರೆಯುತ್ತಿದ್ದೇನೆ. ಬೆಳಗಾವಿಗೆ ಹೋಗಿಬಂದ ಕಾಲುನೋವು ಇನ್ನೂ ಇಳಿದಿಲ್ಲ. ಅಲ್ಲಿ ನಿನಗೇನು ಕೆಲಸವಿತ್ತು ಅಂತೀಯಾ? ಗೋಡೆಗೆ ತೂಗುಹಾಕಿದ್ದ ನಿನ್ನ ಕೌದಿಯನ್ನು ನೋಡಲು ಹೋಗಿದ್ದೆ.

ಆ ಕೊನೆಯ ಕೌದಿಗೆ ಕೈ ಹಾಕಿದ ಬೇಸಿಗೆ ನೆನಪಿದೆಯಾ? ಮಾವನ ಧೋತರ, ನಿನ್ನ ಮಗನ ಸಾಲೆಯ ಅಂಗಿ, ನನ್ನ ಮದುವೆಯ ಇಳಕಲ್ ಸೀರೆಯ ಪಿಸಿದ ಸೆರಗು ಎಲ್ಲವನ್ನೂ ಹರಡಿಕೊಂಡು ನಡುಮನೆಯಲ್ಲಿ ಯಾರಿಗೂ ಕಾಲಿಡಲು ಜಾಗ ಬಿಟ್ಟಿರಲಿಲ್ಲ ನೀನು. ಸುತ್ತಲೂ ಹೊಲಿದು ಬಂದು ಒಂದು ಮೂಲೆಯಲ್ಲಿ ಗೇಣಷ್ಟು ಬಿಟ್ಟೆ, ಅದು ಕೌದಿಯ ಬಾಯಿ. ಕೌದಿ ಮುಗಿಸುವ ದಿನ ಹೋಳಿಗೆ ಮಾಡಿ, ಅದರ ಒಂದು ಚೂರನ್ನೂ ನಾಲ್ಕು ಅಕ್ಕಿಕಾಳನ್ನೂ ಆ ಬಾಯಿಗೆ ಇಟ್ಟು ಆಮೇಲೆ ಹೊಲಿದು ಮುಚ್ಚುವುದು ನಮ್ಮ ಮನೆಯ ಪದ್ಧತಿ. ಉಪವಾಸವಿರುವ ಕೌದಿಯನ್ನು ಯಾರಿಗೂ ಹೊಚ್ಚಬಾರದು ಅನ್ನುತ್ತಿದ್ದೆ. ಆ ದಿನ ಬರುವ ಮೊದಲೇ ನೀನು ಹಾಸಿಗೆ ಹಿಡಿದೆ.

ಕೊನೆಯ ವಾರ ನಿನ್ನ ತುಟಿಗೆ ಗಂಜಿಯ ಚಮಚ ಹಿಡಿದು ಕೂತಿರುತ್ತಿದ್ದೆ. ಅರ್ಧ ಗದ್ದಕ್ಕೆ ಇಳಿಯುತ್ತಿತ್ತು, ಉಳಿದರ್ಧ ಬಾಯಲ್ಲೇ ನಿಲ್ಲುತ್ತಿತ್ತು. ಒರೆಸುತ್ತಿದ್ದೆ, ಮತ್ತೆ ಹಿಡಿಯುತ್ತಿದ್ದೆ. ಓಣಿಯಲ್ಲಿ ಯಾರು ಹಾದುಹೋದರೂ ಕರೆದು ರೊಟ್ಟಿ ಕೊಡುತ್ತಿದ್ದವಳು ನೀನು, ಹೋಗುವಾಗ ಮಾತ್ರ ಬರಿ ಹೊಟ್ಟೆಯಲ್ಲಿ... ಆಮೇಲೆ ಆ ಕೌದಿಗೆ ಸೂಜಿ ಹಚ್ಚಲು ನನಗೆ ಮನಸ್ಸೇ ಬರಲಿಲ್ಲ. ಮಡಿಚಿ ಟ್ರಂಕಿನಲ್ಲಿಟ್ಟೆ.

ಪ್ರತಿಭಾ ಅನ್ನುವ ಹುಡುಗಿ ಬಂದ ದಿನ ನಾನು ಎಮ್ಮೆ ಮೈ ತೊಳೆಯುತ್ತಿದ್ದೆ. ಬೆಳಗಾವಿಯಲ್ಲಿ ಕೌದಿಗಳ ಪ್ರದರ್ಶನ ಇಡುತ್ತೇವೆ, ಸವದತ್ತಿ ರಾಮದುರ್ಗದ ಕಡೆ ಊರೂರು ತಿರುಗಿ ಕೇಳುತ್ತಿದ್ದೇನೆ, ನಿಮ್ಮಲ್ಲಿ ಒಳ್ಳೆಯದು ಇದ್ದರೆ ಕೊಡಿ ಅಂದಳು. ನಿನ್ನ ಮಗ ಟ್ರಂಕು ತೆಗೆದು ಅದನ್ನೇ ಎತ್ತಿಕೊಟ್ಟ. ಬೇಡ ಅನ್ನಬೇಕು ಅಂದುಕೊಂಡೆ. ಆದರೆ ಅತ್ತೀ, ಬೇಡ ಅನ್ನುವುದಕ್ಕೂ ಮೈಯಲ್ಲಿ ಕಸುವು ಬೇಕಲ್ಲ?

ಪ್ರದರ್ಶನದ ಕಡೇ ದಿನ ಇಬ್ಬರೂ ಹೋದೆವು. ಬೈಲಹೊಂಗಲದಲ್ಲಿ ಬಸ್ ಬದಲಿಸಿ, ನಿಂತುಕೊಂಡೇ ಹೋಗಿ, ಅಲ್ಲಿ ಮತ್ತೆ ನಿಂತೆವು. ಎಷ್ಟು ದೊಡ್ಡ ಕಟ್ಟಡ, ಕೂರಲು ಒಂದು ಕುರ್ಚಿ ಇಲ್ಲ! ಒಂದು ಕೋಣೆಯಲ್ಲಿ ಹಳೆ ಕೋಟೆಗಳ ಫೋಟೋ, ಇನ್ನೊಂದರಲ್ಲಿ ಬರೀ ನೀಲಿ ಬಣ್ಣ ಬಳಿದ ಚಿತ್ರಗಳು. ಅವುಗಳ ಮುಂದೆ ಜನ ಕೈಕಟ್ಟಿ ಸುಮ್ಮನೆ ನಿಂತಿದ್ದರು, ನಾನೂ ಸ್ವಲ್ಪ ಹೊತ್ತು ನಿಂತೆ, ಏನೂ ಆಗಲಿಲ್ಲ. ಮೂರನೆಯ ಕೋಣೆಯ ನಟ್ಟನಡುವೆ, ದೀಪದ ಬೆಳಕಿನಲ್ಲಿ, ನಿನ್ನ ಕೌದಿ ಇತ್ತು.

‘ಶಿವವ್ವ, ಮನೋಳಿ’ ಅಂತ ದಪ್ಪಕ್ಷರದಲ್ಲಿ ಬರೆದಿದ್ದರು. ಸುಳ್ಳು ಯಾಕೆ ಹೇಳಲಿ, ಎರಡೆರಡು ಸಲ ಓದಿದೆ, ಎದೆ ತುಂಬಿತು. ಕೆಳಗೆ, ಈ ಮೂಲೆಯನ್ನು ಕಲಾವಿದೆ ಬೇಕೆಂದೇ ಅಪೂರ್ಣವಾಗಿ ಬಿಟ್ಟಿದ್ದಾರೆ, ಅದೇ ಇದರ ಸೊಗಸು ಅಂತ ಇತ್ತು. ನೀನು, ಬೇಕೆಂದೇ! ಒಂದು ದಾರ ಸಡಿಲವಾದರೆ ನನ್ನ ಬೆನ್ನ ಮೇಲೆ ಗುದ್ದುತ್ತಿದ್ದ ನೀನು! ಒಬ್ಬ ಗಂಡಸು ಅದು ಮೊಬೈಲ್ ಇಡುವ ಕಿಸೆ ಇರಬೇಕು ಅಂತ ಹೆಂಡತಿಗೆ ವಿವರಿಸುತ್ತಿದ್ದ. ನಗು ಬಂತು, ಆದರೆ ಆ ಮೂಲೆಯ ಕಡೆ ಮತ್ತೊಮ್ಮೆ ನೋಡಲು ನನ್ನಿಂದ ಆಗಲಿಲ್ಲ.

ಪ್ರತಿಭಾ ಚಹಾ ತಂದುಕೊಟ್ಟು ಸುದ್ದಿ ಹೇಳಿದಳು. ಒಂದು ವಸ್ತುಸಂಗ್ರಹಾಲಯದವರು ಈ ಕೌದಿಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು, ನಿನ್ನ ಹೆಸರು ಹಾಕಿ, ಶಾಶ್ವತವಾಗಿ ಇಟ್ಟುಕೊಳ್ಳುತ್ತಾರಂತೆ. ಹಾಗಾದರೆ ಬಾಯಿ ಮುಚ್ಚಿ ಕೊಡುತ್ತೇನೆ, ಒಂದು ದಿನ ಮನೆಗೆ ಒಯ್ಯಲು ಬಿಡು ಅಂದೆ. ಅವಳು ತಲೆ ತಗ್ಗಿಸಿದಳು. “ಮುಚ್ಚಿದ್ರ ಅವರು ತಗೊಳ್ಳಂಗಿಲ್ರಿ ಕಾಕು. ಅವರು ಮೆಚ್ಚಿದ್ದ ಆ ತೆರದ ಮೂಲೀನ.”

“ಅವ್ವನ ಹೆಸರು ಉಳಿತೈತಿ,” ಅಂದ ನಿನ್ನ ಮಗ. “ಒಂದ ಮೂಲಿ ಸಲುವಾಗಿ ಯಾಕ ಹಟ ಮಾಡ್ತಿ?”

ಅವನು ಹೇಳಿದ್ದು ಸುಳ್ಳಾ? ನಾವಿಬ್ಬರೂ ಸತ್ತರೆ ನಿನ್ನನ್ನು ನೆನೆಯುವವರು ಯಾರಿದ್ದಾರೆ? ಹೊಗಳಿದವರಿಗೆ ಒಂದು ರೊಟ್ಟಿ ಹೆಚ್ಚು ಹಾಕುತ್ತಿದ್ದವಳು ನೀನು, ಗಾಜಿನ ಪೆಟ್ಟಿಗೆಯನ್ನು ಬೇಡ ಅನ್ನುತ್ತಿದ್ದೆಯಾ? ಗೊತ್ತಿಲ್ಲ. ನಿನ್ನನ್ನು ಕೇಳುವಂತಿದ್ದರೆ... ಚಹಾ ಆರಿಹೋಯಿತು. ಆಮೇಲೆ ನನ್ನ ಬಾಯಿಂದ ಮಾತು ತಾನಾಗಿ ಬಂತು.

“ಅಕೀ ಬಾಯಿ ತೆರಕೊಂಡ ಹೋದ್ಲು. ನಾ ಹಾಕಿದ ಗಂಜಿ ಇಳೀಲಿಲ್ಲ. ಅಕೀ ಕೌದಿನೂ ಹಂಗ ಗಾಜಿನ್ಯಾಗ ನಿಲ್ಲೂದು ಬ್ಯಾಡ. ನಾ ಮನಿಗೆ ಒಯ್ತೇನಿ.”

ಸಂಜೆ ಜನ ಕರಗಿದ ಮೇಲೆ ಪ್ರತಿಭಾ ತಾನೇ ಏಣಿ ಹತ್ತಿ ಕೌದಿ ಇಳಿಸಿದಳು. ಕಣ್ಣು ಒದ್ದೆಯಾಗಿತ್ತು ಅವಳದು, ಬೇಸರಕ್ಕೋ ಮತ್ಯಾತಕ್ಕೋ ನಾನು ಕೇಳಲಿಲ್ಲ. ಬಸ್ಸಿನಲ್ಲಿ ನಿನ್ನ ಮಗ ಕೌದಿಯ ಗಂಟನ್ನು ಮನೋಳಿ ಬರುವವರೆಗೂ ತೊಡೆಯ ಮೇಲಿಟ್ಟುಕೊಂಡು ಕೂತ.

ಮರುದಿನ ಕಡಲೆಬೇಳೆ ಬೇಯಿಸಿ, ಹೂರಣ ರುಬ್ಬಿ, ಹೋಳಿಗೆ ಮಾಡಿದೆ. ಒಂದು ಚೂರು ಮುರಿದು, ತುಪ್ಪ ಹಚ್ಚಿ, ಅಕ್ಕಿಕಾಳಿನ ಜೊತೆ ಒಳಗಿಟ್ಟೆ. ಗಂಜಿಯ ಹಾಗೆ ಹೊರಗೆ ಬರಲಿಲ್ಲ ಅತ್ತೀ, ಒಳಗೇ ಉಳಿಯಿತು. ಹೊಲಿದು ಮುಚ್ಚಿದೆ. ನಿನ್ನ ಸಾಲು ಪಕ್ಕದಲ್ಲೇ ಇರುವುದರಿಂದ ನನ್ನದು ಎಷ್ಟು ಸೊಟ್ಟ ಅಂತ ಕಣ್ಣಿಗೆ ಹೊಡೆಯುತ್ತದೆ. ಬಿಚ್ಚಿ ಮತ್ತೆ ಹೊಲಿ ಅನ್ನುತ್ತಿದ್ದೆ ನೀನು. ಬಿಚ್ಚಲಿಲ್ಲ.

ಆಮೇಲೆ ಹೊಟ್ಟೆ ತುಂಬ ಉಂಡು, ಆ ಕೌದಿ ಹೊದ್ದು, ಹಾಡುಹಗಲೇ ಪಡಸಾಲೆಯಲ್ಲಿ ಮಲಗಿಬಿಟ್ಟೆ. ಬೈಯಬೇಡ. ಯಾವಾಗಲೋ ನೆರೆಮನೆಯ ಗೌರವ್ವ ಹೆಪ್ಪು ಕೇಳಲು ಬಂದು ಬಾಗಿಲಲ್ಲಿ ನನ್ನ ಹೆಸರು ಕೂಗಿದಳು. ಏಳಬೇಕು ಅಂತ ಕೈ ಊರಿದೆ. ಅಷ್ಟರಲ್ಲಿ ಒಳಗಿನಿಂದ ನಿನ್ನ ಮಗ ಬಂದ. “ಮಲಗ್ಯಾಳ್ರಿ,” ಅಂದ ಮೆಲ್ಲಗೆ. “ಎಬ್ಬಸಬ್ಯಾಡ್ರಿ.”

ಈ ಮನೆಗೆ ಬಂದಾಗಿನಿಂದ ನನ್ನ ಬಗ್ಗೆ ಆ ಮಾತನ್ನು ಯಾರೂ ಆಡಿರಲಿಲ್ಲ, ನೀನೂ ಆಡಿರಲಿಲ್ಲ. ಕೇಳಿಸಿಕೊಂಡೆ. ಮಗ್ಗಲು ಬದಲಿಸಿ ಮತ್ತೆ ಮಲಗಿದೆ.