ಗಡಿಯಾರದ ಮುಳ್ಳು

ಮಾರ್ಚ್ 3, ಬೆಳಿಗ್ಗೆ 9.15
ಹಾಜರಿ ಪುಸ್ತಕದಲ್ಲಿ ಮತ್ತೆ ಕೆಂಪು ಗೆರೆ ಎಳೆದೆ. ಒಂಬತ್ತರೊಳಗೆ ಬಂದು ಗೆರೆಗಿಂತ ಮೇಲೆ ಸಹಿ ಹಾಕಿದವರು ಹದಿನಾಲ್ಕರಲ್ಲಿ ಐದೇ ಜನ. ಆಸ್ಪತ್ರೆಗಳ ಬೆಡ್‌ಶೀಟ್ ಒಗೆಯುವ ಲಾಂಡ್ರಿ ಇದು. ತಡವಾದರೆ ಬೈಗುಳ ನನಗೆ. ಮಾಲೀಕರ ಮಂಗಳಾರತಿಯೂ ಆಯಿತು: "ಸೂಪರ್‌ವೈಸರ್ ಆಗಿ ತಿಂಗಳಾಯ್ತು. ಒಂದು ಶಿಸ್ತು ತರೋಕಾಗಲ್ವಾ ನಿಮಗೆ?"

ಅದೇ ದಿನ, ಸಂಜೆ
ಎಲ್ಲರೂ ಹೋದ ಮೇಲೆ ಸ್ಟೂಲ್ ಹತ್ತಿ ಗೋಡೆ ಗಡಿಯಾರ ಎಂಟು ನಿಮಿಷ ಮುಂದಿಟ್ಟೆ. ಮೊಬೈಲ್‌ಗಳೆಲ್ಲ ಗೇಟಿನಲ್ಲೇ ಇರುತ್ತವೆ, ಹೋಲಿಸಿ ನೋಡುವವರಿಲ್ಲ. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು.

ಮಾರ್ಚ್ 9
ಗೆರೆಗಿಂತ ಮೇಲೆ ಹದಿಮೂರು ಸಹಿ. ಮಾಲೀಕರು ನಕ್ಕರು. ಇಸ್ತ್ರಿ ಮಾಡುವ ದೊಡ್ಡಮ್ಮ ಮಾತ್ರ — ಇಪ್ಪತ್ತೆರಡು ವರ್ಷದ ಸರ್ವಿಸ್, ಎಲ್ಲರಿಗೂ ದೊಡ್ಡಮ್ಮನೇ — ದಿನಾ ಐದು ನಿಮಿಷ ಲೇಟ್. ಮೆಮೊ ಕೊಟ್ಟೆ.
"ಪಕ್ಕದ ಸ್ಕೂಲಲ್ಲಿ ಒಂಬತ್ತರ ಗಂಟೆ ಹೊಡೆಯೋ ಮುಂಚೆ ಒಳಗಿರ್ತೀನಪ್ಪ. ಯಾವತ್ತೂ ತಪ್ಪಿಲ್ಲ."
"ನಮ್ಮ ಗಡಿಯಾರ ನೋಡಿ ದೊಡ್ಡಮ್ಮ."
ನೋಡಿದರು. ಆಮೇಲೆ ನನ್ನನ್ನೂ ನೋಡಿದರು. ಮೆಮೊಗೆ ಸಹಿ ಹಾಕಿಕೊಟ್ಟರು.

ಮಾರ್ಚ್ 16
ದೊಡ್ಡಮ್ಮನಿಗೆ ಎರಡನೇ ಮೆಮೊ. ಮೂರನೆಯದಕ್ಕೆ ಕೆಲಸ ಹೋಗುತ್ತದೆ — ಆ ನೋಟಿಸ್ ಅಂಟಿಸಿದ್ದೂ ನಾನೇ. ಗಡಿಯಾರ ಹಿಂದಕ್ಕಿಟ್ಟರೆ ದೊಡ್ಡಮ್ಮ ದಿಢೀರನೆ ಟೈಮಿಗೆ ಸರಿ ಬಂದಂತಾಗಿ ನನ್ನ ಬಣ್ಣ ಬಯಲು. ಇಡದಿದ್ದರೆ ದೊಡ್ಡಮ್ಮನ ಅನ್ನ… ಮನೆಯಲ್ಲಿ ಕೂತಲ್ಲಿ ಕೂರಲಾಗುತ್ತಿಲ್ಲ. "ಕಾಲಿಗೇನು ಚಕ್ರ ಕಟ್ಟಿಕೊಂಡಿದೀರಾ?" ಅಂದಳು ಹೆಂಡತಿ.

ಮಾರ್ಚ್ 23, 9.20
ಇವತ್ತು ಗೆರೆಯ ಕೆಳಗೆ ಒಂದೇ ಸಹಿ, ದೊಡ್ಡಮ್ಮನದು. ಮಾಲೀಕರೇ ಪುಸ್ತಕ ನೋಡಿ, ಮೂರನೇ ಮೆಮೊ ಟೈಪ್ ಮಾಡಿ ತನ್ನಿ ಅಂದರು. ಇಸ್ತ್ರಿ ಮೇಜಿನ ಹತ್ತಿರ ಹೋದೆ. ದೊಡ್ಡಮ್ಮ ಇಸ್ತ್ರಿ ಮಾಡುತ್ತಲೇ ಅಂದರು:
"ಎಂಟು ನಿಮಿಷ ಮುಂದಿದೆ. ನೀವು ಮೆಮೊ ಕೊಟ್ಟ ದಿನವೇ ಗೊತ್ತಾಯ್ತು."
"ಸ್ವಲ್ಪ ಬೇಗ ಬರಬಹುದಿತ್ತಲ್ಲ?"
"ಸುಳ್ಳಿಗೆ ಯಾಕೆ ಓಡಿ ಬರ್ಲಿ?"
"ಮತ್ತೆ ಯಾರಿಗೂ ಹೇಳ್ಲಿಲ್ಲ…"
"ಹೊಸಬರು ನೀವು. ಹೇಳಿದ್ರೆ ನಾಳೆಯಿಂದ ನಿಮ್ಮ ಮಾತು ಯಾರು ಕೇಳ್ತಾರೆ? ನೀವೇ ಸರಿ ಮಾಡ್ತೀರೇನೋ ಅಂತ ಕಾದೆ."
ನಾಚಿಕೆಯಾಯಿತು. ಎರಡು ವಾರ ಕಾದಿದ್ದಾರೆ, ಎರಡು ಮೆಮೊ ನುಂಗಿಕೊಂಡು.

9.40
ಮೆಮೊ ಟೈಪ್ ಆಯಿತು. ಹೆಸರಿನ ಜಾಗದಲ್ಲಿ ನನ್ನ ಹೆಸರು. ಕಾರಣ: ಗಡಿಯಾರ. ಮಾಲೀಕರು ಕರೆಯುತ್ತಿದ್ದಾರೆ. ಹೋಗುತ್ತೇನೆ. ಅದಕ್ಕೆ ಮೊದಲು, ಎಲ್ಲರ ಎದುರಿಗೇ, ಸ್ಟೂಲ್ ಹತ್ತಿ ಆ ಮುಳ್ಳನ್ನು ಎಂಟು ನಿಮಿಷ ಹಿಂದಕ್ಕೆ —