ಪಾವಗಡದ ಪಂದ್ಯದಲ್ಲಿ ಕೂಗಿದ ಹೆಸರು

ಮಧುಗಿರಿ
೧೭-೨-೨೦೨೫, ಸೋಮವಾರ

ಪ್ರೀತಿಯ ಅತ್ತೆಯವರಿಗೆ ಗಂಗಾಂಬಿಕಾಳ ನಮಸ್ಕಾರಗಳು.

ಹುಲಿಕುಂಟೆಯ ತವರಿನಲ್ಲಿ ಹೇಗಿದ್ದೀರಿ? ಮೊಣಕಾಲಿನ ಊತ ಇಳಿಯಿತೇ? ಅಜ್ಜಿ ಈಗಲಾದರೂ ಎರಡು ಹೊತ್ತು ಸರಿಯಾಗಿ ಉಣ್ಣುತ್ತಾರೆಯೇ? ಅವರ ಕುರಿಗಳ ಹಿಂದೆ ನೀವು ಬಿಸಿಲಲ್ಲಿ ಅಲೆಯಬೇಡಿ. ಫೋನಿನ ಮಾತು ನಿಮಗೆ ಸರಿಯಾಗಿ ಕೇಳಿಸುವುದಿಲ್ಲ, ಅಲ್ಲಿರುವುದು ಬಟನ್ ಫೋನು, ಮೆಸೇಜು ಕಳಿಸಿದರೆ ಯಾರೂ ತೆಗೆದು ನೋಡುವುದಿಲ್ಲ. ಅದಕ್ಕೇ ಈ ಕಾಗದ. ಇಲ್ಲಿ ನಿಮ್ಮ ಮಗ, ಮಗಳು, ಮೊಮ್ಮಗಳು ಎಲ್ಲರೂ ಚೆನ್ನಾಗಿದ್ದಾರೆ. ನಾನು ಮಾತ್ರ ನಾಲ್ಕು ತಿಂಗಳಿಂದ ಕಣ್ತುಂಬ ನಿದ್ದೆ ಮಾಡಿಲ್ಲ. ಅದಕ್ಕೆ ಮಗುವಿನ ಅಳುವೊಂದೇ ಕಾರಣವಲ್ಲ.

ನಿಮಗೆ ಒಂದು ವಿಷಯ ಹೇಳಿರಲಿಲ್ಲ. ಮಗು ಹುಟ್ಟಿದ ಮೂರನೇ ದಿನ ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ ಮಾಡಿ, ಎರಡೂ ಕಿವಿಯನ್ನು ಇನ್ನೊಮ್ಮೆ ನೋಡಬೇಕು ಎಂದು ಚೀಟಿ ಬರೆದುಕೊಟ್ಟರು. ಧೈರ್ಯ ಸಾಲದೆ ನಾನೇ ಎರಡು ಸಲ ತಾರೀಖು ಮುಂದೂಡಿದೆ. ಮನೆಯಲ್ಲೇ ನನ್ನ ಪರೀಕ್ಷೆ ನಡೆಯುತ್ತಿತ್ತು. ತೊಟ್ಟಿಲ ಹಿಂದೆ ನಿಂತು ಚಪ್ಪಾಳೆ ತಟ್ಟುವುದು, ಸ್ಟೀಲ್ ತಟ್ಟೆ ಬೀಳಿಸುವುದು. ಒಮ್ಮೆ ತಿರುಗುತ್ತಾಳೆ, ಮೂರು ಸಲ ತಿರುಗುವುದಿಲ್ಲ. ಒಂದು ದಿನ ನೀವು ಆ ತಟ್ಟೆ ಎತ್ತಿಟ್ಟು, "ಕೈಯಾಗೆ ಬಲಾನೇ ಇಲ್ವಲ್ಲೇ ತಾಯಿ" ಅಂತ ನನಗೆ ರಾಗಿ ಗಂಜಿ ಕಾಯಿಸಿಕೊಟ್ಟಿರಿ.

ಇರಲಿ, ನೀವು ಕಾಯುತ್ತಿರುವುದು ಶರಣ್ಯಾಳ ಹಾಕಿ ಪಂದ್ಯದ ಸುದ್ದಿಗೆ. ನಿನ್ನೆ ಪಾವಗಡದಲ್ಲಿ ಆಯಿತು. ಅದಕ್ಕೆ ಮುಂಚೆ ಹೆಸರಿನ ರಗಳೆ ಕೇಳಿ. ಗಂಡಸರ ತಂಡ 'ಮಧುಗಿರಿ ಹುಲಿಗಳು', ಆದ್ದರಿಂದ ಇವರದು 'ಲೇಡಿ ಹುಲಿಗಳು' ಎಂದು ಸಂಘದವರು ಬ್ಯಾನರ್ ಹೊಡೆಸಿದ್ದರು. ನಿಮ್ಮ ಮಗಳು ಬಿಡುತ್ತಾಳೆಯೇ? "ಊರೊಳಕ್ಕೆ ಹುಲಿ ನುಗ್ಗುದ್ರೆ, ಲೇಡಿ ಬಂತು ಓಡ್ರಪ್ಪೋ ಅಂತೀರಾ ಸಾರ್?" ಎಂದು ಕಾರ್ಯದರ್ಶಿ ರುದ್ರಮುನಿಯವರನ್ನೇ ಕೇಳಿಬಿಟ್ಟಳಂತೆ. ಸಿರಾದವರು 'ರಾಣಿಯರು', ಕೊರಟಗೆರೆಯವರು 'ಕ್ವೀನ್ಸ್', ಪಾವಗಡದವರು 'ಸೋಲಾರ್ ಸಿಸ್ಟರ್ಸ್'. ನಮ್ಮ ಹುಡುಗಿಯರು ಬೆಟ್ಟ ನೋಡಿಕೊಂಡು 'ಏಕಶಿಲೆ' ಎಂದು ಇಟ್ಟುಕೊಂಡರು. ಬೆಟ್ಟದಲ್ಲಿ ಲೇಡೀಸು ಜೆಂಟ್ಸು ಇಲ್ಲವಂತೆ.

ಟೆಂಪೋದಲ್ಲಿ ಹದಿನಾಲ್ಕು ಜನ ಹೋದೆವು. ನಮ್ಮವರ ಕಡೆ ಒಂದು ಗೇಣು ನೆರಳಿಲ್ಲ. ಮಗುವನ್ನು ಎತ್ತಿಕೊಂಡು ಎದುರುಗಡೆ ಪಾವಗಡದವರ ಶಾಮಿಯಾನದಲ್ಲಿ ಕೂತೆ, ಯಾವೂರು ಎಂದು ಯಾರೂ ಕೇಳದಿರಲಿ ಎಂದುಕೊಂಡು. ಪಕ್ಕದಲ್ಲಿ ಮಂಜಮ್ಮ ಎನ್ನುವ ಅಜ್ಜಿ, ಅವರ ಮೊಮ್ಮಗಳೇ ಅಲ್ಲಿಯ ಗೋಲ್‌ಕೀಪರ್. ನಮ್ಮ ಹಿಂದೆಯೇ ತಮಟೆ. ಆ ಸದ್ದಿಗೆ ನನ್ನ ಎದೆಯೇ ಅದುರುತ್ತಿತ್ತು, ಮಗು ಮಾತ್ರ ಹಾಯಾಗಿ ಮಲಗಿತ್ತು. ರೆಪ್ಪೆ ಕೂಡ ಅಲುಗಲಿಲ್ಲ ಅತ್ತೆ. ನನ್ನ ಮುಖ ನೋಡಿ ಆ ಅಜ್ಜಿ ಏನೆಂದುಕೊಂಡರೋ, "ಪಾಪ ನಿದ್ರಪೋಯಿಂದಿ ಕಣಮ್ಮ, ಚೆನ್ನಾಗಿ ಮಲಗೈತೆ, ಇಲ್ಲಿ ಕೊಡು, ನೀನು ಆಟ ನೋಡ್ಕೊ" ಎಂದು ತೊಡೆಗೆ ಹಾಕಿಕೊಂಡರು. ಅಳು ತಡೆಯಲಾರದೆ ಎದ್ದು ಮುಂದಿನ ಹಗ್ಗದ ಹತ್ತಿರ ಹೋಗಿ ನಿಂತೆ.

ಒಂದಕ್ಕೊಂದು ಸಮ ಆಗಿತ್ತು. ಮೈಕಿನವನು ಕೊನೆಯವರೆಗೂ "ಮಧುಗಿರಿ ಲೇಡೀಸ್, ಮಧುಗಿರಿ ಲೇಡೀಸ್" ಎಂದೇ ಅರಚುತ್ತಿದ್ದ. ಮುಗಿಯಲು ಎರಡು ನಿಮಿಷ ಇರುವಾಗ ಶರಣ್ಯಾ ಚೆಂಡು ತಳ್ಳಿಕೊಂಡು ಒಬ್ಬಳೇ ನುಗ್ಗಿದಳು. ನನಗೆ ಎಲ್ಲಿದ್ದೇನೆ ಎಂಬುದೇ ಮರೆತುಹೋಯಿತು. "ಏಕಶಿಲೇ!" ಎಂದು ಗಂಟಲು ಹರಿಯುವಂತೆ ಕೂಗಿದೆ. ಹಿಂದೆ ಮಗು ಕಿಟಾರನೆ ಕಿರುಚಿತು. ತಿರುಗಿ ನೋಡಿದರೆ, ಅಜ್ಜಿಯ ತೊಡೆಯ ಮೇಲಿಂದ ಕತ್ತು ಹೊರಳಿಸಿ ನನ್ನನ್ನೇ ಹುಡುಕುತ್ತಿದ್ದಾಳೆ! "ಇಷ್ಟೊತ್ತು ತಮಟೇಗೆ ಜಗ್ಗಲಿಲ್ಲ, ಅಮ್ಮನ ಗಂಟಲಿಗೆ ಎದ್ಬುಡ್ತು ನೋಡು" ಎಂದು ಮಂಜಮ್ಮ ನಕ್ಕರು.

ಆಮೇಲೆ ಪಂದ್ಯ ಯಾರಿಗೆ ಬೇಕು? ಬಲಗಡೆಯಿಂದ ಮೆಲ್ಲಗೆ "ಏಕಶಿಲೆ" ಎಂದೆ, ತಿರುಗಿದಳು. ಎಡಗಡೆಯಿಂದ ಎಂದೆ, ತಿರುಗಿದಳು. ಅಜ್ಜಿಯ ಬೆನ್ನ ಹಿಂದೆ ಅಡಗಿ ಪಿಸುಗುಟ್ಟಿದೆ, ಆಗಲೂ ಕಣ್ಣು ಇತ್ತ ಬಂತು. ಅಳುತ್ತಾ ನಗುತ್ತಾ ಸುತ್ತುತ್ತಿದ್ದ ನನ್ನನ್ನು ನೋಡಿ, "ಈಯಮ್ಮಂಗೆ ಬಿಸಿಲು ನೆತ್ತಿಗೇರೈತೆ, ಮಜ್ಜಿಗೆ ಕೊಡ್ರೇ" ಎಂದು ಯಾರೋ ಲೋಟ ಕೈಗಿಟ್ಟರು. ಮಂಜಮ್ಮ ಮಾತ್ರ, "ನಮ್ ಮೊಮ್ಮಗಳು ಗೋಲು ಬಿಟ್ಟವ್ಳೆ, ನಿಂಗೆ ನಗುವಾ? ಮಧುಗಿರಿಯೋಳು ಅಂತ ಆಗ್ಲೇ ಗೊತ್ತಾಯ್ತು ಬುಡು" ಎಂದು ಕೆನ್ನೆ ತಿವಿದರು. ಹೌದು ಅತ್ತೆ, ಎರಡು-ಒಂದರಿಂದ ಗೆದ್ದೆವು. ಗೋಲು ಹೊಡೆದ ನಿಮ್ಮ ಮಗಳು, "ಅಷ್ಟು ದೂರ ಬಂದು ಗೋಲಿಗೇ ಬೆನ್ನು ತಿರುಗಿಸ್ಕೊಂಡ್ಯಲ್ಲ ಅತ್ತಿಗೆ!" ಎಂದು ಇನ್ನೂ ಮುನಿಸಿಕೊಂಡಿದ್ದಾಳೆ. ನಿನ್ನೆ ರಾತ್ರಿ ಮಗು ಮೂರು ಸಲ ಎದ್ದಿತಂತೆ. ನನಗೆ ಗೊತ್ತೇ ಆಗಿಲ್ಲ.

ಹುಲಿಕುಂಟೆ ಅಜ್ಜಿಯ ಕಾಲಿಗೆ ನನ್ನ ನಮಸ್ಕಾರ. ಮಾತ್ರೆ ತಪ್ಪಿಸಬೇಡಿ. ಮೊಮ್ಮಗಳ ಕಡೆಯಿಂದ ಎರಡು ಹಸಿ ಮುತ್ತು.

ನಿಮ್ಮ ಸೊಸೆ,
ಗಂಗಾಂಬಿಕಾ

ವಿ.ಸೂ.: ಅಂಚೆಗೆ ಹಾಕಲು ನಿಮ್ಮ ಮಗ ಬಾಗಿಲಲ್ಲಿ ಅವಸರ ಮಾಡುತ್ತಿದ್ದಾರೆ. ನೀವು ಹೋದದ್ದು ಕುರಿ ನೋಡಿಕೊಳ್ಳಲು ಅಲ್ಲ, ನನಗೆ ಗೊತ್ತು. ಅಂದು ಅಡುಗೆಮನೆಯಲ್ಲಿ ಫೋನಿನಲ್ಲಿ ನಮ್ಮಮ್ಮನಿಗೆ, "ಮಗೂನೂ ಅತ್ತೆ ಥರಾನೇ ಆಗ್ಬುಟ್ರೆ ಏನಮ್ಮಾ ಗತಿ" ಎಂದೆ. ತಿರುಗಿದರೆ ನೀವು ನನ್ನ ತುಟಿಯನ್ನೇ ನೋಡುತ್ತ ನಿಂತಿದ್ದಿರಿ. ಮಾರನೇ ದಿನವೇ ಬ್ಯಾಗು ಕಟ್ಟಿದಿರಿ. ತಪ್ಪಾಯಿತು ಅತ್ತೆ. ಇಬ್ಬರು ಮಕ್ಕಳನ್ನು ಸಾಕಿ, ನನ್ನ ಬಾಣಂತನವನ್ನೂ ಮಾಡಿದ ನಿಮ್ಮಂತೆ ಆಗುವುದನ್ನು 'ಗತಿ' ಎಂದುಬಿಟ್ಟೆ. ಶುಕ್ರವಾರ ತುಮಕೂರಿನಲ್ಲಿ ಮರುಪರೀಕ್ಷೆ, ಈ ಸಲ ಮುಂದೂಡುವುದಿಲ್ಲ. ಅವರು ಏನೇ ಬರೆದುಕೊಡಲಿ, ನನ್ನ ಪಕ್ಕದಲ್ಲಿ ನೀವಿರಬೇಕು. ಗುರುವಾರ ಬೆಳಿಗ್ಗೆ ಸಿರಾ ಬಸ್ ನಿಲ್ದಾಣದಲ್ಲಿ ಮಗುವನ್ನು ಎತ್ತಿಕೊಂಡು ಕಾಯುತ್ತಿರುತ್ತೇನೆ. ನೀವು ಇಳಿಯುವವರೆಗೂ.